ಮಂಗಳವಾರದ ಗಾಡಿ

ಮಂಗಳವಾರ ಹಾಸನದಲ್ಲಿ ಕತ್ತರಿಗೆ ರಜೆ.
ಸೋಮವಾರ ರಾತ್ರಿ ಷಟರ್ ಅರ್ಧ ಎಳೆದು
ಗಿರಾಕಿ ಕೂರುವ ಕುರ್ಚಿಯಲ್ಲಿ ನಾನೇ ಕೂರುತ್ತೇನೆ.
ಹಿಂದಿನ ಗೋಡೆಗೆ ನಾನೇ ಬರೆದು ಅಂಟಿಸಿದ ರೈಲಿನ ಪಟ್ಟಿ
ಕನ್ನಡಿಯಲ್ಲಿ ಮಗುಚಿ ಕಾಣುತ್ತದೆ:
ಹೊರಡುವ ಹೊತ್ತು ಬರುವ ಕಡೆ,
ಬರುವ ಹೊತ್ತು ಹೊರಡುವ ಕಡೆ.
ಮೂವತ್ತೊಂದು ವರ್ಷ ಜನರ ಎಡಗಿವಿಯನ್ನು
ಬಲಗಡೆ ನೋಡಿದವನು,
ನನಗೆ ಹಾಗೇ ಓದಲು ಬರುತ್ತದೆ.

ಗಾಡಿ ಎಷ್ಟು ಹೊತ್ತಿಗೆ ಬರಬೇಕು ಅನ್ನುವುದು ಪಟ್ಟಿ.
ಎಷ್ಟು ಹೊತ್ತಿಗೆ ಬರುತ್ತೆ ಅನ್ನುವವನು ಚಿನ್ನಪ್ಪ,
ಹಳಿ ಗ್ಯಾಂಗಿನವನು, ಅವನ ಗಡ್ಡ ನನ್ನ ಕೈಯಲ್ಲೇ.
ಗಂಟಲ ಮೇಲೆ ಕತ್ತಿ ಇರುವಾಗ ಯಾರೂ ಸುಳ್ಳು ಹೇಳುವುದಿಲ್ಲ.
"ಸಕಲೇಶಪುರದ್ದು ಆಲೂರಲ್ಲಿ ಕ್ರಾಸಿಂಗಿಗೆ ನಿಲ್ಲುತ್ತೆ,
ಇಪ್ಪತ್ತು ನಿಮಿಷ, ನಲವತ್ತೂ ಆದೀತು"
ನೊರೆಯೊಳಗಿಂದ ಅವನ ಮಾತು.
ಕೈ ಒರೆಸಿ, ಅಂಚಿನಲ್ಲಿ ಪೆನ್ಸಿಲ್ಲಿಂದ ಗುರುತು ಮಾಡುತ್ತೇನೆ.

ಹೋಗುವುದು ಯಾರಿಗೂ ಗೊತ್ತು.
ಬೆಳಗ್ಗೆ ಹೋಗಿ ರಾತ್ರಿ ಮನೆ ಸೇರಬೇಕು ಅಂದರೆ ಲೆಕ್ಕ.

ವನಜಾಕ್ಷಿಗೆ ಬಲಮಂಡಿ ನೋವು.
ಹಾಗಾಗಿ ನನ್ನ ಪಟ್ಟಿಯಲ್ಲಿ ಊರಿಗಿಂತ ಮೊದಲು ಮೆಟ್ಟಿಲು:
ಒಂದನೇ ಪ್ಲಾಟ್‌ಫಾರಂಗೆ ಬಂದರೆ ನಕ್ಷತ್ರ,
ಸೇತುವೆ ಹತ್ತಬೇಕಾದರೆ ಕತ್ತರಿ ಗುರುತು.
ಹೊಳೆನರಸೀಪುರಕ್ಕೆ ನಕ್ಷತ್ರ.
ಅರಸೀಕೆರೆಗೆ ಕತ್ತರಿ,
ಕಾಯಿಚಟ್ನಿ ಚೆನ್ನಾಗಿದೆ ಅಂತ ಪಕ್ಕದಲ್ಲಿ ಅವಳದೇ ಒಂದು ನಕ್ಷತ್ರ.
ಸುಬ್ರಹ್ಮಣ್ಯದ ಘಟ್ಟಕ್ಕೆ ಎರಡು ವರ್ಷದಿಂದ ಪ್ರಶ್ನೆ ಚಿಹ್ನೆ.
ಸುರಂಗಗಳನ್ನು ಒಂದೊಂದೇ ಎಣಿಸುವ ಆಸೆ ಅವಳಿಗೆ.
ಹೋಗುವ ಗಾಡಿ ಹಗಲಲ್ಲಿದೆ, ಬರುವುದು ಕತ್ತಲಲ್ಲಿ.
ಕತ್ತಲಲ್ಲಿ ಸುರಂಗ ಯಾವುದು, ಹೊರಗು ಯಾವುದು?
"ಹೋಗ್ತಾ ಎಣಿಸೋಣ, ಬರ್ತಾ ಮಲಗೋಣ" ಅಂತಾಳೆ.
ಬುಧವಾರ ಆರಕ್ಕೆ ಅಂಗಡಿ ತೆಗೀಬೇಕಲ್ಲೇ, ಅಂತೀನಿ.
ಮುಹೂರ್ತದ ಮದುಮಗ ಕಾಯುತ್ತಾನಾ?

ಹೋದ ವಾರ ಅರಸೀಕೆರೆಗೇ ಹೊರಟೆವು.
ಡಬ್ಬಿಯಲ್ಲಿ ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ.
ಕೊರವಂಗಲ ದಾಟಿತು.
ಬಾಗೇಶಪುರದಲ್ಲಿ ನಿಂತಿತು.
ನಿಂತೇ ಇತ್ತು.
ಎದುರಿನ ಗೂಡ್ಸು ಎಲ್ಲೋ ಕೆಟ್ಟು ಕೂತಿದೆಯಂತೆ.
ನಾನು ಗಡಿಯಾರ ನೋಡುತ್ತ ಬೆರಳು ಮಡಚಿದೆ:
ಈಗ ಹೊರಟರೂ ಅಲ್ಲಿ ಸಿಗುವುದು ಹದಿನೈದೇ ನಿಮಿಷ,
ವಾಪಸ್ ಗಾಡಿ ಸೇತುವೆಯ ಆಚೆ, ಮೆಟ್ಟಿಲು, ಮಂಡಿ...
ತಲೆ ಎತ್ತಿದರೆ ಪಕ್ಕದ ಸೀಟು ಖಾಲಿ.

ಹೊಂಗೆಮರದ ಕೆಳಗೆ, ಕಲ್ಲುಬೆಂಚಿನ ಮೇಲೆ
ಡಬ್ಬಿ ಬಿಚ್ಚಿ ಕೂತಿದ್ದಾಳೆ.
ಅಷ್ಟೆತ್ತರದ ಬೋಗಿಯಿಂದ ಹೇಗಿಳಿದಳೋ!
ಕುರಿ ಕಾಯುವ ಹುಡುಗ ಕೈ ಕೊಟ್ಟನಂತೆ,
ಅವನ ಬಾಯ್ತುಂಬ ಈಗ ನನ್ನ ಪಾಲಿನ ಚಿತ್ರಾನ್ನ.
"ಇಳೀರಿ ಇಳೀರಿ, ಇಲ್ಲಿ ಸೇತುವೇನೇ ಇಲ್ಲ!"

ಗಾಡಿ ಕೂಗಿ ನಮ್ಮನ್ನು ಬಿಟ್ಟು ಹೋಯಿತು.
ಹಿಡಿಯುವ ಅವಸರವಿಲ್ಲದೆ
ಒಂದು ಗಾಡಿ ಹೋಗುವುದನ್ನು ನೋಡಿದ್ದು ಅವತ್ತೇ.
ಕೊನೇ ಬೋಗಿಯ ಬೆನ್ನಿಗೆ ಹಳದಿ ಕತ್ತರಿ ಗುರುತು,
ಸಣ್ಣದಾಗುತ್ತ, ಸಣ್ಣದಾಗುತ್ತ.
ಆಮೇಲೆ ಏನು ಮಾಡಿದೆವು ಅಂದರೆ, ಏನಿಲ್ಲ.
ಕಾಫಿ ಆರಿತು. ಕುರಿಗಳು ಹಳಿ ದಾಟಿದವು, ತಿರುಗಿ ದಾಟಿದವು.
ಕಿವಿ ಮುಚ್ಚಿದ ಆ ಹುಡುಗನ ಕೂದಲು ನೋಡಿ
ನನ್ನ ಬೆರಳು ತುರಿಸಿದವು.
"ಮಂಗಳವಾರ, ಸುಮ್ನಿರಿ" ಅಂದಳು.

ಇವತ್ತು ಚಿನ್ನಪ್ಪ ನೊರೆಯೊಳಗಿಂದ ಹೇಳಿದ:
ಒಂದನೇ ತಾರೀಖಿನಿಂದ ಎಲ್ಲ ಹೊತ್ತೂ ಬದಲಂತೆ.
ಅರ್ಧ ಬ್ಲೇಡು ಹಿಡಿದು ಹಳೆ ಅಂಕಿ ಕೆರೆಯುತ್ತಿದ್ದೇನೆ,
ಮೀಸೆ ಚಿಗುರುವ ಹುಡುಗನ ಮೊದಲ ಕ್ಷೌರದ ಹಾಗೆ,
ಕಾಗದಕ್ಕೆ ಗಾಯವಾಗದ ಹಾಗೆ.
ಘಟ್ಟದ ಸಾಲಿನ ಪ್ರಶ್ನೆ ಚಿಹ್ನೆ ಗಟ್ಟಿ ಮಸಿಯದು, ಹೋಗುತ್ತಿಲ್ಲ.
ಅರ್ಧ ಎಳೆದ ಷಟರಿನ ಕೆಳಗೆ ಅವಳ ಚಪ್ಪಲಿ ಕಾಣುತ್ತಿದೆ:
"ರೀ, ಬಾಗೇಶಪುರಕ್ಕೆ ಏನು ಗುರುತು ಹಾಕಿದ್ರಿ?"