ಮೇಲ್ದವಡೆ

ಗೋಣಿಕೊಪ್ಪಲಿನ ಬೈಪಾಸಿನಲ್ಲಿ, ಟಯರ್ ಅಂಗಡಿಯ ಪಕ್ಕ
ನನ್ನ ಶೆಡ್ಡು. ನೆಲವೇ ಕಾಗದ.
ಸೀಮೆಸುಣ್ಣ ಸವೆದು ಉಗುರಾಗುವವರೆಗೆ ಅಲ್ಲೇ ಗೀಚುತ್ತೇನೆ,
ಅಂಗಾಲಲ್ಲೇ ಒರೆಸುತ್ತೇನೆ.

ದೇಚವ್ವ ಬಂದದ್ದು ಫೆಬ್ರವರಿಯ ಬಿಸಿಲಲ್ಲಿ,
ಒಂದು ಕೈಲಿ ಕಿತ್ತಳೆಯ ಚೀಲ, ಇನ್ನೊಂದರಲ್ಲಿ ಟ್ರಾಕ್ಟರ್ ಕೀ.
"ಏಳು ಏಕರೆ ಹಳೇ ರೊಬಸ್ಟಾ ಕೀಳಿಸಿದ್ದೇನೆ.
ಬೊಡ್ಡೆ, ಬೇರು, ಲಂಟಾನ, ಗುಡ್ಡೆಗುಡ್ಡೆ ಬಿದ್ದಿದೆ.
ಲೋಡರಿನ ಬಕೆಟ್ಟು ನೂಕುತ್ತದೆ, ಹಿಡಿಯುವುದಿಲ್ಲ.
ಹಿಡಿಯುವಂಥದ್ದು ಒಂದು ಮಾಡಿಕೊಡು.
ಮೈಸೂರಿನಲ್ಲಿ ಕೇಳಿದೆ. ಬೆಲೆ ಹೇಳಿದರು. ನಕ್ಕು ಬಂದೆ."

ಹಿಡಿಯುವುದು ಅಂದರೇನು?
ಮೂರು ದಿನ ನನ್ನ ಕೈಯನ್ನೇ ನೋಡುತ್ತ ಕೂತೆ.
ಚಹಾ ಲೋಟ ಹಿಡಿಯುವ ಕೈ ಬೇರೆ,
ಮಗಳ ಜಡೆ ಹಿಡಿಯುವ ಕೈ ಬೇರೆ,
ಜಾರುವ ಹಂದಿಮರಿ ಹಿಡಿಯುವ ಕೈ ಬೇರೆ.

ಕೆಳಗೆ ಒಂಬತ್ತು ಹಲ್ಲು, ಹಲ್ಲಿನಿಂದ ಹಲ್ಲಿಗೆ ಒಂದು ಗೇಣು;
ಮಣ್ಣು ಉದುರಿಹೋಗಲಿ,
ತೋಟದ್ದು ತೋಟದಲ್ಲೇ ಉಳಿಯಲಿ.
ಹಲ್ಲಿಗೆ ಲಾರಿಯ ಹಳೇ ಕಮಾನುಪಟ್ಟಿ,
ಕುಶಾಲನಗರದ ಗುಜರಿಯಿಂದ, ಕಿಲೋ ಲೆಕ್ಕದಲ್ಲಿ.
ಎಷ್ಟು ಸಾವಿರ ಹೊಂಡಕ್ಕೆ ಬಗ್ಗಿ ಎದ್ದ ಉಕ್ಕೋ!
ತಣ್ಣಗಿರುವಾಗ ಬೆಸೆದರೆ ಮರುದಿನ
ಗಾಜಿನ ಹಾಗೆ ಟಿಕ್ ಎನ್ನುತ್ತದೆ.
ಮೊದಲು ಕಾಯಿಸಬೇಕು, ನೀರಹನಿ ಚುರ್ ಎನ್ನುವಷ್ಟು;
ಬೆಸೆದ ಮೇಲೆ ರಾತ್ರಿಯಿಡೀ ಬೂದಿಯಲ್ಲಿ ಹೂತಿಡಬೇಕು.
ಇದನ್ನು ನಾನು ಐಟಿಐನಲ್ಲಿ ಕಲಿಯಲಿಲ್ಲ.
ಅಜ್ಜ ಒಡಿಕತ್ತಿ ಬಡಿಯುತ್ತಿದ್ದವರು.
ಅಲಗು ಗಡುಸು, ಬೆನ್ನು ಮೆತ್ತಗೆ;
"ಪೂರಾ ಗಡುಸಾದದ್ದು ಮುರಿಯುತ್ತದೆ, ಮಗಾ."
ನಾವು ಐರಿಗಳು. ಕುಲುಮೆ ಹೋಯಿತು,
ಬೂದಿ ಉಳಿದಿತ್ತು.

ಮೇಲ್ದವಡೆ ಮಾತ್ರ ಒಂದೇ, ಉದ್ದಗಲ ಭರ್ಜರಿ.
ಹನ್ನೆರಡು ಎಂಎಂ ತಗಡು, ಮೂಲೆಮೂಲೆಗೆ ಮುಮ್ಮೂಲೆಯ ಒತ್ತು.
ಗಟ್ಟಿ ಅಂದರೆ ದಪ್ಪ ಎಂದು ತಿಳಿದಿದ್ದೆ.
ಬಿಟ್ಟಂಗಾಲದ ತೋಟದಲ್ಲಿ ಮೊದಲ ಸಲ ಎತ್ತಿದಾಗ
ಟ್ರಾಕ್ಟರಿನ ಹಿಂಗಾಲಿ ನೆಲ ಬಿಟ್ಟಿತು,
ನೀರಿಗೆ ಬಗ್ಗಿದ ಹೋರಿಯ ಹಾಗೆ.
ಡ್ರೈವರ್ ಶಂಸು ಹಾರಿ ಇಳಿದ.
ದೇಚವ್ವ ಏನೂ ಅನ್ನಲಿಲ್ಲ. ಕಿತ್ತಳೆ ಸುಲಿಯುತ್ತಿದ್ದರು.

ಎರಡನೇ ಸಲ ಹಿಂದಕ್ಕೆ ಸಿಮೆಂಟು ತುಂಬಿದ ಡ್ರಮ್ಮು ಕಟ್ಟಿದೆವು.
ಎತ್ತಿತು.
ಆದರೆ ಎಡಕ್ಕೆ ಬೊಡ್ಡೆ, ಬಲಕ್ಕೆ ಬರೀ ಲಂಟಾನ.
ದವಡೆ ಬೊಡ್ಡೆಯನ್ನು ಕಚ್ಚಿ ಅಷ್ಟಕ್ಕೇ ನಿಂತಿತು;
ಬಲಗಡೆಯದೆಲ್ಲ ಸೋರಿತು,
ಒಂದೇ ಕಡೆ ಹಲ್ಲಿರುವ ಮುದುಕನ ಬಾಯಿಂದ ಅವಲಕ್ಕಿ ಉದುರಿದ ಹಾಗೆ.

ಅಲ್ಲೇ ಕರ್ಪಿ ಸೌದೆ ಹೊರೆ ಕಟ್ಟುತ್ತಿದ್ದರು.
ಎಡಗೈ ದಪ್ಪ ಕೊಂಬೆಯ ಮೇಲೆ,
ಬಲಗೈ ಒಂದು ಮೊಳ ಕೆಳಗೆ, ಪುಳ್ಳೆಯ ಮೇಲೆ.
ಎತ್ತರ ಬೇರೆ ಬೇರೆ, ಬಿಗಿ ಒಂದೇ.
ನಾನು ನೋಡುವುದು ಕಂಡು "ಏನು?" ಎಂದರು.
"ಏನಿಲ್ಲ" ಎಂದೆ.
ಯಾಕೆ ಹಾಗೆಂದೆನೋ.

ಶೆಡ್ಡಿಗೆ ಬಂದು ಮೇಲ್ದವಡೆಯನ್ನು ನಟ್ಟನಡುವೆ ಕೊಯ್ದೆ.
ಎರಡು ದವಡೆ, ಎರಡು ಸಿಲಿಂಡರು, ಎಣ್ಣೆಯ ದಾರಿ ಒಂದೇ:
ಸುಲಭ ಸಿಕ್ಕಿದ್ದು ಮೊದಲು ಮುಚ್ಚುತ್ತದೆ,
ಅದು ತಡೆದು ನಿಂತಾಗ ಎಣ್ಣೆ ಇನ್ನೊಂದರತ್ತ ಹರಿಯುತ್ತದೆ.
ತಗಡು ಹನ್ನೆರಡರಿಂದ ಎಂಟಕ್ಕೆ ಇಳಿಯಿತು.
ಪಿನ್ನಿನ ಸುತ್ತ ಮಾತ್ರ ಜಿಪುಣತನ ಮಾಡಲಿಲ್ಲ,
ನೋವೆಲ್ಲ ಬಂದು ಸೇರುವುದು ಅಲ್ಲಿಗೇ.
ಹೋಸನ್ನು ಪೈಪಿನೊಳಗೆ ಅಡಗಿಸಿದೆ, ಕೊಂಬೆ ಚುಚ್ಚದಂತೆ.
ಗ್ರೀಸ್ ನಿಪ್ಪಲ್ ಕಣ್ಣಿಗೆ ಬೀಳುವಲ್ಲಿ ಕೂರಿಸಿದೆ;
ಕಾಣದ್ದನ್ನು ಯಾವ ಡ್ರೈವರೂ ನೆನೆಯುವುದಿಲ್ಲ.

ಹೂಮಳೆಗೆ ಇನ್ನೂ ವಾರವಿತ್ತು. ಶಂಸು ಸನ್ನೆ ಎಳೆದ.
ಬಲದವಡೆ ಲಂಟಾನವನ್ನು ನೆಲದವರೆಗೂ ಅಮುಕಿತು,
ಎಡದ್ದು ಬೊಡ್ಡೆಯ ಮೇಲೆ ಕೂತಿತು.
ಗುಡ್ಡೆ ಎದ್ದಿತು. ಮಣ್ಣು ಸುರಿಯಿತು.
ದೇಚವ್ವ ಸಿಪ್ಪೆ ಎಸೆದು ಕೈ ಒರೆಸಿಕೊಂಡರು.

ಆಗ ಹೇಳಿದೆ, ಕರ್ಪಿಗೆ: "ಇದು ನಿಮ್ಮ ಕೈ ನೋಡಿ ಮಾಡಿದ್ದು."
ಅವರು ಹೊರೆ ಇಳಿಸಿ ಯಂತ್ರವನ್ನು ಒಂದು ಸುತ್ತು ಬಂದರು.
ಇನ್ನೊಮ್ಮೆ ಮುಚ್ಚಲು ಹೇಳಿದರು. ಮುಚ್ಚಿತು.
"ಎಡಗೈ ಸ್ವಲ್ಪ ಸೋಮಾರಿ," ಎಂದರು,
"ನಂದು ಹಾಗಿಲ್ಲ."

ಗ್ರೀಸ್ ಗನ್ ತರಲು ಹೋದೆ.