ಮೂರನೇ ಕೋಣೆಯ ಬೀಗದಕೈ

ಶಿಡ್ಲಘಟ್ಟದ ಹಳೇ ಸಬ್‌ಜೈಲಿಗೆ
ಈಗ ಹತ್ತು ರೂಪಾಯಿ ಟಿಕೆಟ್ಟು.
ಒಳಗೆ ಹೊಸ ಸುಣ್ಣದ ವಾಸನೆ; ಕಿಟಕಿಯಾಚೆಯಿಂದ ಮಾತ್ರ
ಅದೇ, ಬೇಯುವ ರೇಷ್ಮೆಗೂಡಿನ ನಾತ.

ಗೋಡೆಯ ಮೇಲೆ ಹತ್ತೊಂಬತ್ತು ಹೆಸರು,
ಎಪ್ಪತ್ತೈದರಲ್ಲಿ ವಿಚಾರಣೆಯಿಲ್ಲದೆ ಒಳಗಿದ್ದವರು.
ಬೀಡಿ ಕಟ್ಟುವವರು, ಒಬ್ಬ ಮೇಷ್ಟ್ರು,
ನೂಲು ಬಿಚ್ಚುವವರ ಸಂಘದ ಬಾಬಾಜಾನ್.
ಬೆರಳಿಟ್ಟು ಓದುತ್ತ ಹೋದೆ, ಕೆಳತನಕ,
ಅಲ್ಲಿ ಇರಲಾರದ ಹೆಸರೊಂದನ್ನು ಹುಡುಕುತ್ತ.

ಗಾಜಿನ ಪೆಟ್ಟಿಗೆಯಲ್ಲಿ ಬೀಗದಕೈ ಗೊಂಚಲು:
‘ಅಂದಿನ ಕಾವಲುಗಾರರು ಬಳಸಿದ್ದು.’
ಮೂರನೆಯದಕ್ಕೆ ಸುತ್ತಿದ ಚಿಂದಿ
ಅಮ್ಮನ ಹಸಿರು ಸೀರೆಯ ಅಂಚು.
ರಾತ್ರಿ ಪಾಳಿಯಲ್ಲಿ ಕೈ ತಡವರಿಸದಿರಲೆಂದು
ಅವಳೇ ಹರಿದು ಕಟ್ಟಿದ್ದಳು.

ಮೂರನೇ ಕೋಣೆಯಲ್ಲಿ ಮೇಷ್ಟ್ರಿದ್ದದ್ದು.
ಅಪ್ಪ, ವಾರ್ಡರ್ ಪಿಳ್ಳಣ್ಣ, ನನ್ನ ಲೆಕ್ಕದ ಸ್ಲೇಟನ್ನು
ಅಂಗಿಯೊಳಗಿಟ್ಟು ಒಯ್ಯುತ್ತಿದ್ದ,
ತಿದ್ದಿಸಿ ತರುತ್ತಿದ್ದ.
ಏಳರ ಮಗ್ಗಿ ನನಗೆ ಬಂದದ್ದು ಹಾಗೆ.
ಬರುವಾಗ ಬೀಗ ಹಾಕಿ,
ಎರಡು ಸಲ ಜಗ್ಗಿ ನೋಡಿಯೇ ಬರುತ್ತಿದ್ದ.
ಮನೆಗೆ ಬಂದರೆ ಕೈ ತೊಳೆದಷ್ಟೂ ಮುಗಿಯುತ್ತಿರಲಿಲ್ಲ;
ತುಕ್ಕು, ಅನ್ನುತ್ತಿದ್ದ.

ತೋರಿಸಲು ಬಂದ ಹುಡುಗಿ ಕೇಳಿದಳು:
“ನಿಮ್ಮವರು ಯಾರಾದ್ರೂ ಇಲ್ಲಿದ್ರಾ ಅಮ್ಮಾ?”
“ಇದ್ರು” ಅಂದೆ.
ಅವಳು ಗೋಡೆಯ ಕಡೆ ತಿರುಗಿದಳು,
ನಾನು
ಹೊರಗಿನಿಂದ ಹಾಕುವ ಚಿಲಕದ ಕಡೆ.