ಏಳು ಭಾಗಿಸು ಎರಡು

ಲ್ಯಾಬಿನ ಕಂಪ್ಯೂಟರಿನಾಗ ಎರಡು ಪೈಥಾನ್ ಅದಾವ.
ಗುಂಡೇರಾವ್ ಸರ್ ರಿಟೈರ್ ಆಗೂ ಮುಂದ
ಕೊಟ್ಟು ಹೋದದ್ದು ಒಂದು ಬೀರು, ಅದರ ಕೀಲಿ,
ತೊಗರಿ ಕಾಯಿ ಬಿಡಿಸಿ ಕಾಳು ಎಣಿಸಿದ
ಒಂಬತ್ತು ವರ್ಷದ ನೋಟ್‌ಬುಕ್ಕು.

ತೆರೆದರ ಮೊದಲ ಸಾಲಿಗೇ ಕೆಂಪು.
ಪ್ರಿಂಟಿಗೆ ಕಂಸ ಇಲ್ಲಂತ ಹೊಸದರ ತಕರಾರು.
ಹಾಕಿದೆ. ಓಡಿತು.
ಸರಾಸರಿ ಬ್ಯಾರೇನೇ ಬಂತು.

"ಕರ್ನಲ್ ಅಂದ್ರ ಮಿಲಿಟರಿಯವರೇನ್ರಿ?"
ಕಸ ಹೊಡಿಯೂ ಸೂಗಮ್ಮ ಕೇಳತಾಳ.
ಅಲ್ಲವ್ವ, ಒಳಗಿನ ಕಾಳು.
ಕಾಳು ಬದಲಿಸಿ ಕೇಳಿದೆ:
ಏಳು ಭಾಗಿಸು ಎರಡು?
ಹಳೇದಂತು, ಮೂರು.
ಹೊಸದಂತು, ಮೂರೂವರೆ.

ಗಂಜಿನ ಕಡಿಂದ ದಾಲ್ ಮಿಲ್ಲಿನ ಸದ್ದು.
ಕಲಬುರಗಿಯಾಗ ಅರ್ಧ ಕಾಳಿಗೆ ಬ್ಯಾಳಿ ಅಂತಾರ,
ಯಾರೂ ಚೆಲ್ಲೂದಿಲ್ಲ.
ಒಂಬತ್ತು ವರ್ಷ ಅದು ಚೆಲ್ಲೇದ,
ಸಪ್ಪಳಿಲ್ದ.

ಸರಿಗೆ ಫೋನ್ ಹಚ್ಚಿದೆ.
ಅವರ ಮನ್ಯಾಗ ಕುಕ್ಕರ್ ಕೂಗತಿತ್ತು.
ಭಾಳೊತ್ತು ಅದೇ ಕೂಗು.
ಆಮ್ಯಾಲ, "ಹಳೇದು ತೆಗೀಬ್ಯಾಡ ತಾಯಿ,
ನಾ ಎಲ್ಲಿ ತಪ್ಪೀನಿ ಅಂತ
ಅದಕ್ಕಷ್ಟೇ ಗೊತ್ತದ."

ಈಗ ಮೆನುದಾಗ ಎರಡು ಹೆಸರು ಇಟ್ಟೀನಿ,
ಒಂದು ಕಾಳು, ಒಂದು ಬ್ಯಾಳಿ.
ಚಹಾ ಕುಡದು ಬಂದು ಮೊದಲು ನೋಡೂದು
ಬಲಕ್ಕ ಮ್ಯಾಲಿನ ಮೂಲಿ:
ಯಾವುದು ಎಚ್ಚರದಾಗ ಅದ ಅಂತ.